ಒಡಿಸ್ಸಿ ವ್ಯಾನಿನ ಪ್ಯಾಕ್ಸ್ ರನ್‌ಫ್ಲಾಟ್ ತೆಗೆದು ಮಾಮೂಲಿ ಚಕ್ರ ಹಾಕುವುದು: ಮೊದಲಿಂದ ಕೊನೆವರೆಗೆ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಹೊಂಡಾ ಒಡಿಸ್ಸಿ ಟೂರಿಂಗ್ ಕೊಂಡವರಲ್ಲಿ ಅನೇಕರು ಪ್ಯಾಕ್ಸ್ ಎಂಬ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ಹೆಸರು ಕೇಳುವುದೇ ಮೊದಲ ಪಂಚರ್ ಆದ ದಿನ. ಟೈರ್ ಅಂಗಡಿಯವನು ಚಕ್ರ ನೋಡಿ 'ಇದು ನಮ್ಮ ಮಷೀನಿಗೆ ಆಗಲ್ಲ' ಅಂತಾನೆ. ಸ್ಟೆಪ್ನಿ ಹುಡುಕಿದರೆ ವ್ಯಾನಿನಲ್ಲಿ ಅದೂ ಇಲ್ಲ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ನಯಾಗರ ನೋಡಲು ಹೊರಟಿರುತ್ತೀರಿ. ಅಲ್ಲಿಗೆ ಪ್ರಯಾಣ ಮುಗೀತು.

ಪ್ಯಾಕ್ಸ್ ತೆಗೆದು ಮಾಮೂಲಿ ಚಕ್ರ ಹಾಕುವುದು ಕಷ್ಟದ ಕೆಲಸ ಅಲ್ಲ. ಆದರೂ ಮೇಲಿಂದ ಮೇಲೆ ಕೆಡುತ್ತದೆ. ನನ್ನದು 2007ರ ಟೂರಿಂಗ್. ಗೆಳೆಯರ ಎರಡು ವ್ಯಾನ್‌ಗಳಿಗೂ ಇದೇ ಕೆಲಸ ಮಾಡಿದ್ದೇನೆ. ಎಲ್ಲರೂ ಎಡವಿದ್ದು ಒಂದೇ ಕಡೆ: ಮೊದಲು ರಿಮ್ ಕೊಂಡರು, ಆಮೇಲೆ ಅಳತೆ ನೋಡಿದರು. ಅದಕ್ಕೇ ಇಲ್ಲಿ ಕೆಲಸಕ್ಕಿಂತ ಕೆಲಸದ ಕ್ರಮಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

## ಬೇಕಾಗುವ ಸಾಮಾನು

ಹೈಡ್ರಾಲಿಕ್ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡಲು ಮರದ ತುಂಡು ಅಥವಾ ಇಟ್ಟಿಗೆ, ಉದ್ದ ಹಿಡಿಯ ಪಾನಾ, ನಿಮ್ಮ ನಟ್ಟಿಗೆ ಬಿಗಿಯಾಗಿ ಕೂರುವ ಸಾಕೆಟ್, ಟಾರ್ಕ್ ರೆಂಚ್ (ನಟ್ಟು ಎಷ್ಟು ಬಿಗಿಯಾಯಿತೆಂದು ಅಳೆಯುವ ಪಾನಾ), ತಂತಿ ಬ್ರಷ್, ಗಾಳಿ ಅಳೆಯುವ ಗೇಜ್.

ಟಾರ್ಕ್ ರೆಂಚ್ ಇಲ್ಲ ಅಂತ ಸುಮ್ನೆ ಅಂದಾಜಿನಲ್ಲಿ ಬಿಗಿಯಬೇಡಿ. ಆಟೋಜೋನ್‌ನಂಥ ಅಂಗಡಿಗಳಲ್ಲಿ ಠೇವಣಿ ಇಟ್ಟರೆ ಬಳಸಲು ಕೊಡುತ್ತಾರೆ. ವಾಪಸ್ ಕೊಟ್ಟಾಗ ದುಡ್ಡೂ ವಾಪಸ್. ಸ್ಟೆಪ್ನಿ ಇಲ್ಲದ ವ್ಯಾನಿನಲ್ಲಿ ಜಾಕ್ ಕೂಡ ಇರದೇ ಇರಬಹುದು. ಮೊದಲೇ ತೆಗೆದು ನೋಡಿಕೊಳ್ಳಿ.

## 1. ನಿಮ್ಮದು ಯಾವ ಬಗೆಯ ರನ್‌ಫ್ಲಾಟ್?

ರನ್‌ಫ್ಲಾಟ್‌ನಲ್ಲಿ ಎರಡು ಜಾತಿ ಇದೆ. ಇದು ಗೊತ್ತಿಲ್ಲದೆ ಮುಂದೆ ಹೋಗಬೇಡಿ.

ಮೊದಲನೆಯದು ಗಟ್ಟಿ ಪಕ್ಕೆಯ ಟೈರ್. ಗಾಳಿ ಹೋದರೂ ಟೈರಿನ ಪಕ್ಕೆಯೇ ಭಾರ ಹೊರುತ್ತದೆ. ಟೊಯೊಟಾ ಸಿಯೆನ್ನಾ ಎಡಬ್ಲ್ಯುಡಿಯಲ್ಲಿ (ನಾಲ್ಕೂ ಚಕ್ರ ಎಳೆಯುವ ಮಾಡೆಲ್) 2004ರಿಂದ ಬಂದದ್ದು ಇದು. ಹಳೆಯದರ ಅಳತೆ 225/60 ಆರ್ 17, 2011ರಿಂದ 2020ರವರೆಗಿನದು 235/55 ಆರ್ 18. ಇದರ ರಿಮ್ ಮಾಮೂಲಿ ರಿಮ್ಮೇ. ನಿಮ್ಮದು ಸಿಯೆನ್ನಾ ಆದರೆ ರಿಮ್ ಕೊಳ್ಳುವ ಗೋಜೇ ಇಲ್ಲ. ಅದೇ ಅಳತೆಯ, ಅದೇ ಲೋಡ್ ಇಂಡೆಕ್ಸ್‌ನ (ಟೈರ್ ಎಷ್ಟು ಭಾರ ಹೊರಬಹುದು ಎನ್ನುವ ಅಂಕೆ) ಮಾಮೂಲಿ ಟೈರ್ ನಾಲ್ಕನ್ನೂ ಒಟ್ಟಿಗೆ ಹಾಕಿಸಿ, ನೇರ 10ನೇ ಹಂತಕ್ಕೆ ಹೋಗಿ. ಎಡಬ್ಲ್ಯುಡಿ ಗಾಡಿಗೆ ಒಂದು ಹೊಸದು, ಮೂರು ಸವೆದದ್ದು ಹಾಕುವಂತಿಲ್ಲ ಎನ್ನುವುದು ಮಾತ್ರ ನೆನಪಿರಲಿ.

ಎರಡನೆಯದು ಮಿಶೆಲಿನ್ ಪ್ಯಾಕ್ಸ್. ಟೈರಿನ ಒಳಗೆ ರಿಮ್ ಸುತ್ತ ಒಂದು ದಪ್ಪ ಆಸರೆ ಉಂಗುರ ಇರುತ್ತದೆ. ಗಾಳಿ ಹೋದರೆ ಟೈರ್ ಅದರ ಮೇಲೆ ಕೂರುತ್ತದೆ. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿರುತ್ತದೆ. ರಿಮ್ಮಿನ ಒಳ ಅಂಚು, ಹೊರ ಅಂಚು ಎರಡರ ಅಳತೆಯೂ ಬೇರೆ ಬೇರೆ. ಹಾಗಾಗಿ ಈ ರಿಮ್ ಮೇಲೆ ಮಾಮೂಲಿ ಟೈರ್ ಕೂರುವುದೇ ಇಲ್ಲ. ರಿಮ್, ಟೈರ್ ಎರಡನ್ನೂ ಬದಲಿಸಲೇಬೇಕು.

ಗುರುತು ಹಿಡಿಯಲು ಟೈರಿನ ಪಕ್ಕೆ ಓದಿ. ಪ್ಯಾಕ್ಸ್ ಆದರೆ ಅಳತೆಯ ಬರಹವೇ ವಿಚಿತ್ರ: 235-710 ಆರ್ 460 ಎ. 235 ಅಗಲ, 710 ಟೈರಿನ ಪೂರ್ತಿ ಎತ್ತರ, 460 ರಿಮ್ಮಿನ ಅಳತೆ. ಎಲ್ಲವೂ ಮಿಲಿಮೀಟರ್‌ನಲ್ಲಿ. ಈ 710 ಅನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬೇಕು.

## 2. ಬಾಗಿಲ ಚೀಟಿ ಓದಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತದೆ. ಅದರ ಫೋಟೊ ತೆಗೆದುಕೊಳ್ಳಿ. ಟೈರ್ ಅಳತೆ, ಗಾಳಿಯ ಒತ್ತಡ, ಪ್ರತಿ ಆಕ್ಸಲ್ ಹೊರಬಹುದಾದ ಭಾರ ಅಲ್ಲಿರುತ್ತದೆ. ಟೈರಿನ ಪಕ್ಕೆಯ ಮೇಲಿನ ಲೋಡ್ ಇಂಡೆಕ್ಸ್ ಕೂಡ ಬರೆದುಕೊಳ್ಳಿ. ಪ್ಯಾಕ್ಸ್‌ನಲ್ಲಿ ಅದು 104, ಅಂದರೆ ಒಂದು ಟೈರಿಗೆ 900 ಕಿಲೊ.

ಈ ಫೋಟೊ ಇಲ್ಲದೆ ಅಂಗಡಿಗೆ ಹೋದರೆ ಅವನು ಕಂಪ್ಯೂಟರಿನಲ್ಲಿ 'ಒಡಿಸ್ಸಿ' ಅಂತಷ್ಟೇ ಹುಡುಕಿ, ಎಲ್‌ಎಕ್ಸ್ ಅಥವಾ ಇಎಕ್ಸ್ ಮಾಡೆಲ್‌ನ ಸಾಮಾನು ತೋರಿಸುತ್ತಾನೆ. ನನಗೆ ಆದದ್ದೂ ಅದೇ.

## 3. ರಿಮ್ ಆರಿಸುವುದು

ಕೆಲಸ ಜಾಸ್ತಿ ಕೆಡುವುದು ಈ ಹಂತದಲ್ಲಿ. ನಿಧಾನವಾಗಿ ಓದಿ.

ಈ ಒಡಿಸ್ಸಿಗೆ ನಟ್ಟು ಐದು. ಅವು ಕೂರುವ ವೃತ್ತ 120 ಮಿಲಿಮೀಟರ್. ಅಂಗಡಿ ಭಾಷೆಯಲ್ಲಿ 5×120. ನಡುವಿನ ತೂತು, ಅಂದರೆ ಹಬ್ (ಚಕ್ರವನ್ನು ಹೊರುವ ಗಾಡಿ ಕಡೆಯ ಗುಂಬ) ಕೂರುವ ಜಾಗ, 64.1 ಮಿಲಿಮೀಟರ್. ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರ ಎಂಬ ಅಳತೆ, 45 ಮಿಲಿಮೀಟರ್ ಆಸುಪಾಸಿನಲ್ಲಿರಲಿ. 2004ರ ತನಕದ ಹಳೆಯ ಒಡಿಸ್ಸಿಯ ವೃತ್ತ 5×114.3. ಅದರ ರಿಮ್ ಇದಕ್ಕೆ ಬರುವುದಿಲ್ಲ. 'ಒಡಿಸ್ಸಿ ರಿಮ್, ಅಗ್ಗ' ಎಂಬ ಜಾಹೀರಾತು ಕಂಡರೆ ಮೊದಲು ವರ್ಷ ಕೇಳಿ.

ಬಿಎಂಡಬ್ಲ್ಯು ರಿಮ್ಮಿನ ಆಸೆ ಅನೇಕರಿಗೆ. ಹಳೆಯ ಮಾಡೆಲ್‌ಗಳದ್ದೂ 5×120, ನೋಡಲೂ ಚೆಂದ, ಬೇಕಾದಷ್ಟು ಸಿಗುತ್ತದೆ. ಆದರೆ ಅದರ ನಡುವಿನ ತೂತು 72.6 ಮಿಲಿಮೀಟರ್. ಒಡಿಸ್ಸಿಯ 64.1ರ ಹಬ್ ಮೇಲೆ ಅದು ಸಡಿಲ. ಚಕ್ರ ನಡುವಿಗೆ ಸರಿಯಾಗಿ ಕೂರದೆ 60 ಮೈಲಿ ವೇಗಕ್ಕೆ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಹೋಗುವುದಿಲ್ಲ. ಬೇರೆ ಕಂಪನಿಯ ರಿಮ್ಮೇ ಬೇಕೆಂದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಜೊತೆಗೇ ಕೊಳ್ಳಿ. ಒಳಗೆ 64.1, ಹೊರಗೆ ನಿಮ್ಮ ರಿಮ್ಮಿನ ತೂತಿನ ಅಳತೆ.

ಎಷ್ಟು ಇಂಚಿನ ರಿಮ್? ಎಲ್‌ಎಕ್ಸ್, ಇಎಕ್ಸ್ ಮಾಡೆಲ್‌ಗಳಿಗೆ 16 ಇಂಚು ಬರುತ್ತಿತ್ತು ಅಂತ ಟೂರಿಂಗ್‌ಗೂ ಅದನ್ನೇ ಕೊಳ್ಳಬೇಡಿ. ಪ್ಯಾಕ್ಸ್ ರಿಮ್ 460 ಮಿಲಿಮೀಟರ್, ಹತ್ತಿರಹತ್ತಿರ 18 ಇಂಚು. ಅಷ್ಟು ದೊಡ್ಡ ರಿಮ್ಮಿನೊಳಗೆ ಆರಾಮಾಗಿ ಕೂತಿದ್ದ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಹಿಡಿದಿರುವ ಭಾಗ) 16ರೊಳಗೆ ಹಿಡಿಸುತ್ತದೆ ಎಂಬ ಖಾತ್ರಿ ಇಲ್ಲ. ನನ್ನ ಮಾತು ಕೇಳುವುದಾದರೆ 17 ಅಥವಾ 18 ತಗೊಳ್ಳಿ.

ಸುಲಭದ ದಾರಿ ಎಂದರೆ 2011ರಿಂದ 2017ರ ಒಡಿಸ್ಸಿಯಿಂದ ಬಿಚ್ಚಿದ ಹೊಂಡಾ ರಿಮ್. ಅದೇ 5×120, ಅದೇ 64.1. ರಿಂಗಿನ ರಗಳೆ ಇಲ್ಲ. ಆದರೆ ಆ ರಿಮ್ ಜೊತೆ ಬರುವ ಟೈರ್ ಬೇಡ. ಯಾಕೆ ಅನ್ನುವುದು ಮುಂದಿದೆ.

## 4. ಟೈರ್ ಆರಿಸುವುದು

ಹೊಸ ಟೈರಿನ ಪೂರ್ತಿ ಎತ್ತರ 710ಕ್ಕೆ ಹತ್ತಿರ ಇರಬೇಕು. ಇಲ್ಲದಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಲೆಕ್ಕ ಹೀಗೆ: ಅಗಲವನ್ನು ಶೇಕಡಾವಾರಿನಿಂದ ಗುಣಿಸಿ ಪಕ್ಕೆಯ ಎತ್ತರ ತೆಗೆಯಿರಿ, ಅದನ್ನು ಎರಡರಿಂದ ಗುಣಿಸಿ, ರಿಮ್ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ.

235/60 ಆರ್ 17 ತೆಗೆದುಕೊಳ್ಳೋಣ. 235ರ ಶೇಕಡಾ 60 ಅಂದರೆ 141. ಎರಡು ಪಕ್ಕೆಗೆ 282. ರಿಮ್ 431.8. ಒಟ್ಟು ಸುಮಾರು 714. ಸರಿಹೋಯಿತು. 235/55 ಆರ್ 18 ಹಾಕಿದರೆ 716. ಇದೂ ಸರಿ. ಎಲ್‌ಎಕ್ಸ್, ಇಎಕ್ಸ್‌ಗೆ ಬರುತ್ತಿದ್ದ 235/65 ಆರ್ 16 ಸುಮಾರು 712.

ಈಗ 2011ರ ನಂತರದ ಒಡಿಸ್ಸಿಯ 17 ಇಂಚಿನ ಟೈರ್ ನೋಡಿ: 235/65 ಆರ್ 17. ಲೆಕ್ಕ ಹಾಕಿದರೆ 737. ಶೇಕಡಾ 4ಕ್ಕೆ ಹತ್ತಿರ ದೊಡ್ಡದು. ಮೀಟರ್ 60 ತೋರಿಸುವಾಗ ನೀವು 62ಕ್ಕೂ ಮೇಲೆ ಓಡುತ್ತಿರುತ್ತೀರಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜುವ ಭಯವೂ ಇದೆ. ರಿಮ್ ಇಟ್ಟುಕೊಳ್ಳಿ, ಟೈರ್ ಬಿಡಿ ಅಂದದ್ದು ಇದಕ್ಕೇ.

ಇನ್ನು ಭಾರ. ಏಳೆಂಟು ಜನ, ಹಿಂದೆ ಸೂಟ್‌ಕೇಸು, ಊರಿಗೆ ಹೊರಟರೆ ಜನರಿಗಿಂತ ಸೂಟ್‌ಕೇಸೇ ಜಾಸ್ತಿ, ಅಲ್ವಾ? ಹಾಗಾಗಿ ಲೋಡ್ ಇಂಡೆಕ್ಸ್ ಸುಮ್ನೆ ಅಂಕೆ ಅಲ್ಲ. 100 ಅಂದರೆ 800 ಕಿಲೊ, 102 ಅಂದರೆ 850, 103 ಅಂದರೆ 875, 104 ಅಂದರೆ 900. 235/55 ಆರ್ 18 ಟೈರ್ 100ರಲ್ಲೂ ಸಿಗುತ್ತದೆ, ಎಕ್ಸ್‌ಎಲ್ ಎಂದು ಬರೆದ 104ರಲ್ಲೂ ಸಿಗುತ್ತದೆ. 104 ಕೇಳಿ ಪಡೆಯಿರಿ. 235/60 ಆರ್ 17 ಸಾಮಾನ್ಯವಾಗಿ 102 ಇರುತ್ತದೆ. ಮೂಲಕ್ಕಿಂತ ಕಡಿಮೆ ಎಂದು ಕೆಲವು ದೊಡ್ಡ ಅಂಗಡಿಗಳು ಹಾಕಲು ಒಪ್ಪುವುದಿಲ್ಲ. ಜಗಳಕ್ಕೆ ಹೋಗಬೇಡಿ, ಅವರದ್ದು ಸರಿಯೇ. ಅದೇ ಅಳತೆಯಲ್ಲಿ ಹೆಚ್ಚು ಭಾರ ಹೊರುವ ಎಕ್ಸ್‌ಎಲ್ ಇದೆಯಾ ಕೇಳಿ, ಇಲ್ಲದಿದ್ದರೆ 18ಕ್ಕೆ ಹೋಗಿ. ಒಂದು ವಿಷಯ: ಎಕ್ಸ್‌ಎಲ್ ಟೈರ್ ತನ್ನ ಪೂರ್ತಿ ಭಾರ ಹೊರುವುದು ಹೆಚ್ಚು ಗಾಳಿ ತುಂಬಿದಾಗ ಮಾತ್ರ. ಬಾಗಿಲ ಚೀಟಿಯ ಒತ್ತಡ ಪ್ಯಾಕ್ಸ್‌ಗೆ ಬರೆದದ್ದು. ಹೊಸ ಟೈರಿಗೆ ಎಷ್ಟು ಎಂದು ಅಂಗಡಿಯ ಲೋಡ್ ಪಟ್ಟಿ ನೋಡಿಸಿ ಕೇಳಿ. ಚೀಟಿಗಿಂತ ಕಡಿಮೆಯಂತೂ ತುಂಬಬೇಡಿ.

ಟೈರ್ ಹೊಸದಾ ಅಂತಲೂ ನೋಡಿ. ಪಕ್ಕೆಯ ಮೇಲೆ ಡಾಟ್ (DOT) ಎಂದು ಶುರುವಾಗುವ ಬರಹದ ಕೊನೆಯ ನಾಲ್ಕು ಅಂಕೆ ತಯಾರಾದ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ.

## 5. ನಟ್ಟು ಮತ್ತು ಸೆನ್ಸರ್ ಜೊತೆಗೇ ಕೊಳ್ಳಿ

ನಟ್ಟು ಚಿಕ್ಕ ಸಾಮಾನು, ಅಪಾಯ ದೊಡ್ಡದು. ಹೊಂಡಾ ನಟ್ಟಿನ ತುದಿ ಗುಂಡಗೆ ಚೆಂಡಿನ ಹಾಗೆ ಇರುತ್ತದೆ. ಹೊಂಡಾ ರಿಮ್ಮಿನ ಕುಳಿಯೂ ಹಾಗೇ. ಹೊರಗಿನ ಕಂಪನಿಯ ಹೆಚ್ಚಿನ ರಿಮ್‌ಗಳ ಕುಳಿ ಲಾಳಿಕೆಯ ಹಾಗೆ ಇಳಿಜಾರು. ಗುಂಡು ತುದಿಯ ನಟ್ಟನ್ನು ಇಳಿಜಾರು ಕುಳಿಗೆ ಬಿಗಿದರೆ ತೆಳ್ಳಗಿನ ಒಂದು ಗೆರೆಯ ಮೇಲಷ್ಟೇ ತಾಗುತ್ತದೆ. ಬಿಗಿದಾಗ ಬಿಗಿ ಅನ್ನಿಸುತ್ತದೆ, ಓಡುತ್ತಾ ಓಡುತ್ತಾ ಸಡಿಲವಾಗುತ್ತದೆ. ಚಕ್ರ ಕಳಚಿ ಹೋಗುವುದು ಹೀಗೆ. ಹೊಂಡಾ ರಿಮ್‌ಗೆ ಹೊಂಡಾ ನಟ್ಟು, ಹೊರಗಿನ ರಿಮ್‌ಗೆ ಅದರ ಕುಳಿಗೆ ತಕ್ಕ ನಟ್ಟು. ಬೋಲ್ಟಿನ ದಪ್ಪವನ್ನೂ ಮರೆಯನ್ನೂ (ತಿರುಪಿನ ಎಳೆ) ಹೊಂದಿಸಿ ಕೊಳ್ಳಿ: ದಪ್ಪ 14 ಮಿಲಿಮೀಟರ್, ಮರೆಯ ಅಂತರ 1.5.

ಗಾಳಿ ಕಡಿಮೆ ಆದರೆ ದೀಪ ಹೊತ್ತಿಸುವ ಟಿಪಿಎಂಎಸ್ ಸೆನ್ಸರ್ ಪ್ರತಿ ಚಕ್ರದೊಳಗೂ ಒಂದು. ಪ್ಯಾಕ್ಸ್ ಚಕ್ರದ್ದನ್ನು ಕಿತ್ತು ಹೊಸದಕ್ಕೆ ಹಾಕುವ ಲೆಕ್ಕ ಬೇಡ. ಅದರ ಬ್ಯಾಟರಿಯ ಆಯುಸ್ಸೂ ಏಳರಿಂದ ಹತ್ತು ವರ್ಷ, ಈ ಹೊತ್ತಿಗೆ ಮುಗಿದಿರುತ್ತದೆ. ನಿಮ್ಮ ವರ್ಷದ ಪ್ಯಾಕ್ಸ್ ಇಲ್ಲದ ಒಡಿಸ್ಸಿಗೆ ಆಗುವ ನಾಲ್ಕು ಹೊಸ ಸೆನ್ಸರ್ ತಗೊಳ್ಳಿ. ಇದನ್ನು ಬಿಟ್ಟು ಉಳಿಸೋಣ ಅಂದರೆ ಅಂಗಡಿಯವರು ಕೈ ಹಾಕದೇ ಇರಬಹುದು. ಅಮೆರಿಕದ ಕಾನೂನಿನಲ್ಲಿ ಕೆಲಸ ಮಾಡುತ್ತಿರುವ ಸುರಕ್ಷಾ ಸಾಧನವನ್ನು ರಿಪೇರಿಯವರು ಬೇಕೆಂದೇ ನಿಷ್ಕ್ರಿಯ ಮಾಡುವಂತಿಲ್ಲ.

## 6. ಟೈರ್ ಹಾಕಿಸುವ ಮೊದಲು ಬರಿ ರಿಮ್ ಕೂರಿಸಿ ನೋಡಿ

ಈ ಒಂದು ಹಂತ ಬಿಟ್ಟವರೇ ಆಮೇಲೆ ಫೋನ್ ಮಾಡುತ್ತಾರೆ. ಟೈರ್ ಹತ್ತಿದ ರಿಮ್ಮನ್ನು ಸಾಮಾನ್ಯವಾಗಿ ಯಾರೂ ವಾಪಸ್ ತಗೊಳ್ಳುವುದಿಲ್ಲ. ಬರಿ ರಿಮ್ ಆದರೆ ತಗೊಳ್ಳುತ್ತಾರೆ.

ಮುಂದಿನ ಒಂದು ಪ್ಯಾಕ್ಸ್ ಚಕ್ರ ಬಿಚ್ಚಿ. ಬಿಚ್ಚುವ ಕ್ರಮ 8ನೇ ಹಂತದಲ್ಲಿದೆ. ಬರಿ ರಿಮ್ ಕೂರಿಸಿ, ಐದೂ ನಟ್ಟು ಕೈಯಲ್ಲಿ ಹಾಕಿ, ಪಾನಾದಿಂದ ಹಗುರಾಗಿ ಬಿಗಿಯಿರಿ. ಮೂರು ವಿಷಯ ನೋಡಬೇಕು. ರಿಮ್ ಹಬ್ ಮೇಲೆ ಅಲುಗಾಡದೆ ಕೂತಿದೆಯಾ? ಕೈಯಲ್ಲಿ ತಿರುಗಿಸಿದರೆ ಕ್ಯಾಲಿಪರ್‌ಗೆ ಎಲ್ಲಾದರೂ ತಾಗುತ್ತದಾ? ಸಂದು ಕನಿಷ್ಠ 3 ಮಿಲಿಮೀಟರ್ ಇದೆಯಾ? ಸ್ವಲ್ಪವೂ ಗೀಚುವ ಸದ್ದು ಬಂದರೆ ಆ ರಿಮ್ ನಿಮ್ಮದಲ್ಲ. ಬ್ರೇಕ್ ಕಾದಾಗ, ಹೊಸ ಪ್ಯಾಡ್ ಹಾಕಿದಾಗ ಇನ್ನೂ ಹತ್ತಿರ ಬರುತ್ತದೆ.

ಹಿಂದಿನ ಚಕ್ರಕ್ಕೂ ಒಮ್ಮೆ ಹೀಗೇ ನೋಡಿ. ನಂತರ ಹಳೆಯ ಚಕ್ರ ವಾಪಸ್ ಹಾಕಿ.

## 7. ಟೈರ್ ಕೂರಿಸಿ ಬ್ಯಾಲೆನ್ಸ್ ಮಾಡಿಸುವುದು

ರಿಮ್, ಟೈರ್, ಸೆನ್ಸರ್ ಮೂರನ್ನೂ ಬಿಡಿಯಾಗಿ ಅಂಗಡಿಗೆ ಕೊಡಿ. ಮಾಮೂಲಿ ಸಾಮಾನು, ಮಾಮೂಲಿ ಮಷೀನು, ಇಲ್ಲಿ ತೊಂದರೆ ಇಲ್ಲ. ಪ್ರತಿ ಸೆನ್ಸರ್ ಮೇಲಿನ ಗುರುತಿನ ಸಂಖ್ಯೆಯನ್ನು ಕೂರಿಸುವ ಮೊದಲು ಫೋಟೊ ತೆಗೆದು, ಯಾವುದು ಯಾವ ಚಕ್ರ ಎಂದು ಬರೆದಿಡಿ. ಒಳಗೆ ಹೋದ ಮೇಲೆ ಓದಲು ಬರುವುದಿಲ್ಲ.

## 8. ನಾಲ್ಕೂ ಚಕ್ರ ಬದಲಿಸುವುದು

ಅಂಗಡಿಯಲ್ಲೇ ಮಾಡಿಸಬಹುದು. ಮನೆಯಲ್ಲಾದರೆ ಕ್ರಮ ತಪ್ಪಬೇಡಿ.

ಸಮತಟ್ಟಾದ ಗಟ್ಟಿ ನೆಲ. ಬಿಸಿಲಿಗೆ ಮೆತ್ತಗಾದ ಡಾಂಬರಾದರೆ ಜಾಕ್ ಕೆಳಗೆ ಹಲಗೆ ಇಡಿ. ಗೇರ್ ಪಾರ್ಕಿನಲ್ಲಿ, ಪಾರ್ಕಿಂಗ್ ಬ್ರೇಕ್ ಎಳೆದಿರಲಿ. ಹಿಂದೆ ಎತ್ತುವಾಗ ಮುಂದಿನ ಚಕ್ರಕ್ಕೆ, ಮುಂದೆ ಎತ್ತುವಾಗ ಹಿಂದಿನದಕ್ಕೆ ಅಡ್ಡ ಇಡಿ. ವ್ಯಾನಿನೊಳಗೆ ಯಾರೂ ಇರಬಾರದು. ಮಕ್ಕಳು ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ.

ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ನಂತರ ಎತ್ತಿ. ಜಾಕ್ ಇಡುವ ಜಾಗ ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಎರಡು ಕಚ್ಚುಗಳ ನಡುವೆ ಇರುತ್ತದೆ. ಬೇರೆಲ್ಲೋ ಇಟ್ಟರೆ ತಗಡು ಮಡಚುತ್ತದೆ. ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಡಿ. ಬರಿ ಜಾಕ್ ಮೇಲೆ ಗಾಡಿ ನಿಲ್ಲಿಸಿ ಕೈ ಒಳಗೆ ಹಾಕಬೇಡಿ.

ಪ್ಯಾಕ್ಸ್ ಚಕ್ರ ಭಾರ. ಒಳಗಿನ ಉಂಗುರವೇ ಸಾಕಷ್ಟು ತೂಗುತ್ತದೆ. ಬಗ್ಗಿ ಎಳೆಯದೆ ಕೂತು, ತೊಡೆಯ ಆಸರೆ ಕೊಟ್ಟು ತೆಗೆಯಿರಿ. ತುಕ್ಕಿಗೆ ಕಚ್ಚಿಕೊಂಡಿದ್ದರೆ ಟೈರಿನ ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ ಅಂಗೈಯಿಂದ ಗುದ್ದಿ. ಸುತ್ತಿಗೆ ಬೇಡ.

ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ. ಬೋಲ್ಟಿನ ಮರೆಗೆ ಗ್ರೀಸ್, ಎಣ್ಣೆ ಏನೂ ಹಚ್ಚಬೇಡಿ. ಜಾರು ಬಂದರೆ ರೆಂಚ್ ತೋರಿಸುವ ಅಂಕೆಗಿಂತ ಜಾಸ್ತಿ ಎಳೆದುಬಿಡುತ್ತೀರಿ.

ಹೊಸ ಚಕ್ರ ಕೂರಿಸಿ ನಟ್ಟುಗಳನ್ನು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ. ಶುರುವಿನಲ್ಲೇ ಗಟ್ಟಿ ಅನ್ನಿಸಿದರೆ ಮರೆ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಾಕಿ. ನಕ್ಷತ್ರ ಬರೆದ ಹಾಗೆ ಒಂದು ಬಿಟ್ಟು ಒಂದು ಬಿಗಿಯಿರಿ. ಗಾಡಿ ನೆಲಕ್ಕಿಳಿಸಿ, ಟಾರ್ಕ್ ರೆಂಚ್‌ನಲ್ಲಿ ಮೊದಲು 40, ಆಮೇಲೆ 70, ಕೊನೆಗೆ 94 ಅಡಿ-ಪೌಂಡ್. ಅಂದರೆ 127 ನ್ಯೂಟನ್ ಮೀಟರ್. ಒಂದೇ ಸಲಕ್ಕೆ 94ಕ್ಕೆ ಎಳೆದರೆ ರಿಮ್ ಓರೆಯಾಗಿ ಕೂರುತ್ತದೆ.

ನಾಲ್ಕನ್ನೂ ಒಂದೇ ದಿನ ಬದಲಿಸಿ. 'ಎರಡು ಪ್ಯಾಕ್ಸ್ ಇನ್ನೂ ಚೆನ್ನಾಗಿವೆ, ಇರಲಿ' ಅನ್ನಬೇಡಿ. ಎರಡು ಜಾತಿಯ ಟೈರಿನ ಹಿಡಿತವೇ ಬೇರೆ.

## 9. ಸೆನ್ಸರ್ ಪರಿಚಯ ಮಾಡಿಸುವುದು

ಹೊಸ ಸೆನ್ಸರ್‌ಗಳ ಸಂಖ್ಯೆಯನ್ನು ವ್ಯಾನಿನ ಕಂಪ್ಯೂಟರಿಗೆ ಬರೆಯಬೇಕು. ಡ್ಯಾಶ್‌ಬೋರ್ಡ್ ಕೆಳಗಿನ ಒಬಿಡಿ ಪೋರ್ಟಿಗೆ ಟಿಪಿಎಂಎಸ್ ಟೂಲ್ ಸಿಕ್ಕಿಸಿ ಟೈರ್ ಅಂಗಡಿಯವರೇ ಮಾಡಿಕೊಡುತ್ತಾರೆ. ನೀವು ಬರೆದಿಟ್ಟ ಪಟ್ಟಿ ಈಗ ಉಪಯೋಗಕ್ಕೆ ಬರುತ್ತದೆ. ನಂತರ ಸ್ವಲ್ಪ ದೂರ ಓಡಿಸಿ. ಓಡಿದ ಮೇಲೂ ದೀಪ ಹಾಗೇ ಇದ್ದರೆ ಸಂಖ್ಯೆ ತಪ್ಪಾಗಿದೆ ಅಥವಾ ಸೆನ್ಸರ್ ಬೇರೆ ಮಾಡೆಲ್‌ನದು. ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವವರನ್ನು ನೋಡಿದ್ದೇನೆ. ಈಗ ನಿಮ್ಮದು ರನ್‌ಫ್ಲಾಟ್ ಅಲ್ಲ, ಆ ದೀಪ ಮೊದಲಿಗಿಂತ ಜಾಸ್ತಿ ಬೇಕು.

## 10. ಸ್ಟೆಪ್ನಿಯ ವ್ಯವಸ್ಥೆ

ಪ್ಯಾಕ್ಸ್ ಇದ್ದಾಗ ಗಾಳಿ ಹೋದರೂ 50 ಮೈಲಿ ವೇಗದಲ್ಲಿ 125 ಮೈಲಿ ಹೋಗಬಹುದಿತ್ತು. ಇನ್ನು ಅದಿಲ್ಲ. ಚಕ್ರ ಬದಲಿಸಿದ ದಿನವೇ ಇದರ ವ್ಯವಸ್ಥೆ ಮಾಡಿ, ಮುಂದಿನ ವಾರಕ್ಕೆ ಹಾಕಬೇಡಿ.

ಕಡೇಪಕ್ಷ 12 ವೋಲ್ಟ್ ಕಂಪ್ರೆಸರ್ ಮತ್ತು ಪಂಚರ್ ಪ್ಲಗ್ ಕಿಟ್ ಇರಲಿ. ಮೊಳೆ ಚುಚ್ಚಿದ ಪಂಚರ್‌ಗೆ ಸಾಕು, ಪಕ್ಕೆ ಹರಿದರೆ ಸಾಲದು. ನನ್ನ ಬಳಿ 5×120ರ ಚಿಕ್ಕ ಸ್ಟೆಪ್ನಿ, ಜಾಕ್, ಪಾನಾ ಇವೆ. ಸ್ಟೆಪ್ನಿಯನ್ನೂ ಬರಿ ರಿಮ್ಮಿನ ಹಾಗೆಯೇ ಒಮ್ಮೆ ಕೂರಿಸಿ, ಕ್ಯಾಲಿಪರ್‌ಗೆ ತಾಗುತ್ತದಾ ನೋಡಿ. ವ್ಯಾನಿನಲ್ಲಿ ಇಡುವಾಗ ಬೆಲ್ಟ್ ಹಾಕಿ ಕಟ್ಟಿ. ಜೋರು ಬ್ರೇಕ್ ಹಾಕಿದರೆ ಅದು ಹಿಂದಿನ ಸೀಟಿನವರ ತಲೆಗೆ ಹಾರಿ ಬರುತ್ತದೆ. ಮುಂದಿನ ಚಕ್ರ ಪಂಚರ್ ಆದರೆ ಹಿಂದಿನದನ್ನು ಮುಂದೆ ಹಾಕಿ, ಸ್ಟೆಪ್ನಿ ಹಿಂದಕ್ಕೆ. ಗಾಡಿ ಎಳೆಯುವುದು ಮುಂದಿನ ಚಕ್ರ, ಅಲ್ಲಿ ಚಿಕ್ಕ ಟೈರ್ ಬೇಡ. 50 ಮೈಲಿ ದಾಟಿ ಓಡಿಸಬೇಡಿ.

## 11. ಮೊದಲ ನೂರು ಮೈಲಿ

50ರಿಂದ 100 ಮೈಲಿ ಓಡಿದ ಮೇಲೆ ಐದೂ ನಟ್ಟು ಮತ್ತೆ 94ಕ್ಕೆ ಪರೀಕ್ಷಿಸಿ. ಒಂದಾದರೂ ತಿರುಗಿದರೆ ಇನ್ನೊಂದು 50 ಮೈಲಿಗೆ ಮತ್ತೆ ನೋಡಿ. ಎರಡನೇ ಸಲವೂ ತಿರುಗಿದರೆ ನಟ್ಟಿನ ತುದಿಗೂ ಕುಳಿಗೂ ಹೊಂದಿಲ್ಲ, ಗಾಡಿ ನಿಲ್ಲಿಸಿ.

ವೇಗ ಹೆಚ್ಚಿದಂತೆ ಸ್ಟೀರಿಂಗ್ ನಡುಗಿದರೆ ಹಬ್ ರಿಂಗ್ ಅಥವಾ ಬ್ಯಾಲೆನ್ಸ್. ನಿಧಾನವಾಗಿ ಹೋಗುವಾಗ ಟಕ್ ಟಕ್ ಸದ್ದು ಬಂದರೆ ನಟ್ಟು, ಆ ಕ್ಷಣವೇ ನಿಲ್ಲಿಸಿ. ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸಿದಾಗ ಉಜ್ಜಿದರೆ ಟೈರ್ ದೊಡ್ಡದು ಅಥವಾ ಆಫ್‌ಸೆಟ್ ತಪ್ಪು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಚಕ್ರದ ಹತ್ತಿರ ಕೈ ಒಡ್ಡಿ. ಒಂದರಿಂದ ಮಾತ್ರ ಜಾಸ್ತಿ ಕಾವು ಬಂದರೆ ಬ್ರೇಕ್ ತಾಗುತ್ತಿರಬಹುದು.

## ಹಳೆಯ ಪ್ಯಾಕ್ಸ್ ಚಕ್ರ ಏನು ಮಾಡುವುದು?

ಮನೆಯಲ್ಲಿ ಟೈರ್ ಬಿಚ್ಚಲು ಹೋಗಬೇಡಿ. ಅಂಚು ರಿಮ್ಮಿಗೆ ಕಚ್ಚಿಕೊಂಡಿರುತ್ತದೆ, ಕಬ್ಬಿಣದ ಸಲಾಕೆಗೆ ಜಗ್ಗುವುದಿಲ್ಲ, ಕೈ ಮುರಿದುಕೊಳ್ಳುವುದು ಸುಲಭ. ಮಾರುವುದಾದರೆ ಚಕ್ರ ಇಡಿಯಾಗಿಯೇ, 'ಪ್ಯಾಕ್ಸ್' ಎಂದು ಸ್ಪಷ್ಟವಾಗಿ ಹೇಳಿ ಮಾರಿ. ಗುಜರಿಗೆ ಹಾಕುವುದಾದರೆ ಮೊದಲು ಫೋನ್ ಮಾಡಿ, ಟೈರ್ ಸಮೇತ ತಗೊಳ್ಳುತ್ತಾರಾ ಕೇಳಿಕೊಂಡು ಹೋಗಿ. ನಾನು ಕೇಳದೆ ನಾಲ್ಕನ್ನೂ ಹೊತ್ತುಕೊಂಡು ಹೋಗಿ, ನಾಲ್ಕನ್ನೂ ವಾಪಸ್ ತಂದು, ಎರಡು ತಿಂಗಳು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದೆ.